ಬಿದ್ದ ಆಡಿನ ಪಾಲು

"ಗುರುಗಳೇ, ನಾನು ಕತ್ತಿ ಹಿಡಿದವನಲ್ಲ. ಕೊಲ್ಲಿ ಎಂದು ಯಾರಿಗೂ ಹೇಳಿದವನಲ್ಲ. ಜೋಳಿಗೆಗೆ ಬಿದ್ದದ್ದನ್ನು ತಿನ್ನುವವನು. ಬಿದ್ದದ್ದು ಮಾಂಸವಾದರೆ ಆ ಕೊಲೆಯಲ್ಲಿ ನನಗೂ ಪಾಲಿದೆಯೆ?" ಎಂದು ಒಬ್ಬ ಶಿಷ್ಯ ಕೇಳಿದ.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟದ ಮೇಲೆ ಆಡು ಸಾಕುವವರ ಹಟ್ಟಿಯಿತ್ತು. ಕೈಯಾರೆ ಸಾಕಿದ ಆಡಿನ ಕೊರಳಿಗೆ ಕತ್ತಿ ಇಡಬಾರದು ಎಂದು ಅವರ ಹಿರಿಯರು ಆಣೆ ಹಾಕಿಕೊಂಡಿದ್ದರು. ತಾನಾಗಿ ಕಮರಿಗೆ ಬಿದ್ದು ಸತ್ತ ಆಡನ್ನು ಮಾತ್ರ ತಿನ್ನಬಹುದು. ಅದು ಯಾರದೇ ಆಗಿರಲಿ, ಮಾಂಸವನ್ನು ಮನೆಮನೆಗೂ ಸಮನಾಗಿ ಹಂಚಬೇಕು. ಹಿರಿಯರ ಕಾಲದಲ್ಲಿ ಆಡು ಬೀಳುವುದು ಅಪರೂಪವಾಗಿತ್ತು. ಮೊಮ್ಮಕ್ಕಳ ಕಾಲಕ್ಕೆ ಹಬ್ಬ ಬಂತೆಂದರೆ ಒಂದು ಬೀಳುತ್ತಿತ್ತು. ನೆಂಟರು ಬಂದರೆಂದರೆ ಇನ್ನೊಂದು.

ಆಡು ಕಳೆದುಕೊಂಡವರಿಗೆ ಹೊಟ್ಟೆ ಉರಿಯಿತು. ಯಾರೋ ತಳ್ಳುತ್ತಿದ್ದಾರೆ ಎಂದು ಗುಸುಗುಸು ಎದ್ದಿತು. ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡುವುದು ಕಡಿಮೆಯಾಯಿತು. ಆಡು ಬೀಳುವ ಮೊದಲೇ ಯಾರ ಮನೆಯಲ್ಲಿ ಖಾರ ಅರೆದಿತ್ತು ಎಂಬುದನ್ನು ನೆನಪಿಟ್ಟುಕೊಳ್ಳುವವರು ಹೆಚ್ಚಾದರು.

ಕೊನೆಗೆ ಎಲ್ಲರ ಕಣ್ಣೂ ಒಬ್ಬ ವಿಧವೆಯ ಮೇಲೆ ನಿಂತಿತು. ಗಂಡ ಸತ್ತ ಮೇಲೆ ಅವನ ಆಡುಗಳು ಮೈದುನನ ಹಿಂಡಿಗೆ ಸೇರಿದ್ದವು. ಅವಳಿಗೆ ಉಳಿದದ್ದು ಒಂದು ಗುಡಿಸಲು, ಹಂಚಿಕೆಯ ಒಂದು ಪಾಲು. ಯಾರ ಆಡು ಬಿದ್ದರೂ ಅವಳಿಗೆ ನಷ್ಟವಿಲ್ಲ, ಮಾಂಸ ಮಾತ್ರ ತಪ್ಪುವುದಿಲ್ಲ. ಅವಳಲ್ಲದೆ ಇನ್ಯಾರು ತಳ್ಳಿಯಾರು ಎಂದರು.

ಹಟ್ಟಿಯ ಯಜಮಾನ ಮೈದುನನನ್ನು ಕರೆದು, "ಕಮರಿಯ ಹತ್ತಿರ ಮರೆಯಲ್ಲಿ ಕೂತು ನೋಡು. ಇನ್ನೊಂದು ಆಡು ಬಿದ್ದು, ಬೇರೆ ಯಾರ ಕೈವಾಡವೂ ಕಾಣದಿದ್ದರೆ ನಿನ್ನ ಅತ್ತಿಗೆಯನ್ನು ಬೆಟ್ಟ ಇಳಿಸುತ್ತೇವೆ" ಎಂದ.

ಮೈದುನ ಮೊದಲೇ ಸಂಶಯದ ಮನುಷ್ಯ. ಚೊಂಬಿಗೆ ಮೂಗಿಟ್ಟು ನೋಡದೆ ನೀರು ಕುಡಿಯುವವನಲ್ಲ. ಅತ್ತಿಗೆ ಸೌದೆಗೆ ಹೋದರೂ ಹಿಂದೆ ಹೋದ, ನೀರಿಗೆ ಹೋದರೂ ಹಿಂದೆ ಹೋದ. ಅವಳು ತಿರುಗಿ ನಿಂತು ಕೇಳಿದಳು:

"ಏನಪ್ಪಾ, ಸೆರಗಿನಲ್ಲಿ ಆಡು ಕಟ್ಟಿಕೊಂಡು ಹೋಗುತ್ತಿದ್ದೇನೆಯೇ? ಗಂಟು ಬಿಚ್ಚಿ ತೋರಿಸಲೇ?"

"ಹಟ್ಟಿಯವರು ಸುಮ್ಮಸುಮ್ಮನೆ ಹೇಳುತ್ತಾರೆಯೇ, ಅತ್ತಿಗೆ?"

"ತಳ್ಳುವುದಾದರೆ ಈ ಬಡಕಲು ಮರಿಗಳನ್ನು ಯಾಕೆ ತಳ್ಳಲಿ? ಯಜಮಾನರ ಹೋತವನ್ನೇ ತಳ್ಳುತ್ತಿದ್ದೆ. ಅದರ ಕೊಬ್ಬಿನಲ್ಲಿ ಹಟ್ಟಿಯ ದೀಪವೆಲ್ಲ ಉರಿಯುತ್ತಿತ್ತು" ಎಂದು ಅವಳು ನಕ್ಕಳು.

ಆ ನಗುವಿನ ಮೇಲೂ ಅವನಿಗೆ ಸಂಶಯ ಬಂತು. ಇಷ್ಟು ನಗುವವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡ.

ಹಟ್ಟಿಯ ಬಾಗಿಲಿನಿಂದ ಕಮರಿಯ ಅಂಚಿನವರೆಗೆ ಒಂದು ಹಾಸುಬಂಡೆ ಚಾಚಿತ್ತು. ಸಂಜೆ ಆಡುಗಳಿಗೆ ನೆಕ್ಕಲು ಅದರ ಮೇಲೆಯೇ ಉಪ್ಪು ಚೆಲ್ಲುತ್ತಿದ್ದರು. ದಿನಕ್ಕೊಂದು ಮನೆಯ ಸರದಿ. ಮೈದುನ ಮರೆಯಲ್ಲಿ ಕೂತ ಸಂಜೆ ಯಜಮಾನನ ಹೆಂಡತಿ ಉಪ್ಪಿನ ಬುಟ್ಟಿ ಹಿಡಿದು ಬಂದಳು. ಹಿಂದಿನ ದಿನ ಚೆಲ್ಲಿದ್ದ ಜಾಗದಲ್ಲಿ ಹಿಕ್ಕೆ ಬಿದ್ದಿತ್ತು. ಅವಳು ಮೂಗು ಮುರಿದು, ತುಸು ಆಚೆಗೆ, ಚೊಕ್ಕವಾದ ಕಡೆ ಚೆಲ್ಲಿ ಹೋದಳು. ಮರುದಿನ ಬಂದವನೂ ಹಾಗೆಯೇ ಮಾಡಿದ. ಅವನ ನಂತರ ಬಂದವರೂ ಹಾಗೆಯೇ. ಯಾರೂ ಯಾವ ಆಡನ್ನೂ ಮುಟ್ಟಲಿಲ್ಲ. ಹಟ್ಟಿಯ ಕಡೆಗೂ ಚೊಕ್ಕ ಬಂಡೆಯಿತ್ತು, ಕಮರಿಯ ಕಡೆಗೂ ಚೊಕ್ಕ ಬಂಡೆಯಿತ್ತು. ಹಟ್ಟಿಯ ಕಡೆಗೆ ಯಾರೂ ತಿರುಗಲಿಲ್ಲ.

ಉಪ್ಪಿನ ಬಿಳಿ ಕಲೆ ಹಟ್ಟಿಯ ಬಾಗಿಲಿನಿಂದ ಹೊರಟು ಅಂಚಿಗೆ ಬಂದು ನಿಂತಿರುವುದನ್ನು ಮೈದುನ ಆಗ ಕಂಡ. ಆಡುಗಳು ಉಪ್ಪಿಗಾಗಿ ನುಗ್ಗಾಡಿದವು. ಅಂಚಿಗೆ ಸರಿದ ಬಡ ಆಡಿನ ಹಿಂಗಾಲು ನೆಲ ಸಿಗದೆ ತಡಕಾಡಿತು. ತನ್ನ ಸರದಿಯಲ್ಲಿ ತಾನೂ ಆಚೆಗೇ ಚೆಲ್ಲುತ್ತಾ ಬಂದದ್ದು ಅವನಿಗೆ ನೆನಪಾಯಿತು.

ಹಬ್ಬದ ಹಿಂದಿನ ದಿನ ಅವನ ಸರದಿಯೇ ಬಂತು. ಮನೆಗೆ ಅಳಿಯ ಬಂದಿದ್ದ. ಮೈದುನ ಉಪ್ಪು ಹಿಡಿದು ಬಂಡೆಯ ಮೇಲೆ ನಿಂತ. ಹಟ್ಟಿಯ ಬಾಗಿಲಲ್ಲಿ ಚೆಲ್ಲಿದರೆ ಅತ್ತಿಗೆ ಉಳಿದುಕೊಳ್ಳುತ್ತಾಳೆ. ಆದರೆ ಅಳಿಯನಿಗೆ ಬರೀ ಸೊಪ್ಪಿನ ಸಾರು. ಇಲ್ಲಿ ಯಾಕೆ ಚೆಲ್ಲಿದೆ ಎಂದು ಹಟ್ಟಿಯವರು ಕೇಳದೆ ಬಿಡುವುದಿಲ್ಲ. ನಿಜ ಹೇಳಿದರೆ ಯಾರನ್ನು ಬೆಟ್ಟ ಇಳಿಸುವುದು? ಅವನು ಸುತ್ತ ನೋಡಿದ. ಹಿಂದಿನ ದಿನದ ಜಾಗದಲ್ಲಿಯೇ, ಹಿಕ್ಕೆಯ ಮೇಲೆಯೇ, ಉಪ್ಪು ಚೆಲ್ಲಿದ. ತಾನೊಬ್ಬನಾದರೂ ಒಂದು ಬೆರಳಿನಷ್ಟೂ ಮುಂದೆ ಹೋಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಅಂದು ಒಂದು ಆಡು ಬಿತ್ತು.

ಹಟ್ಟಿಯೆಲ್ಲ ಸೇರಿತು. "ಯಾರಾದರೂ ತಳ್ಳಿದ್ದನ್ನು ಕಂಡೆಯಾ?" ಎಂದು ಯಜಮಾನ ಕೇಳಿದ.

"ಇಲ್ಲ" ಎಂದ ಮೈದುನ.

"ಬೇರೆ ಯಾರ ಕೈವಾಡವೂ ಇಲ್ಲವೇ?"

"ಆಡನ್ನು ಯಾರೂ ಮುಟ್ಟಲಿಲ್ಲ."

ಅವನು ಆಡಿದ್ದರಲ್ಲಿ ಸುಳ್ಳಿರಲಿಲ್ಲ. ಅತ್ತಿಗೆ ಅವನನ್ನೇ ನೋಡುತ್ತಿದ್ದಳು. ಇನ್ನೂ ಏನಾದರೂ ಹೇಳುತ್ತಾನೆಂದು ಕಾದಳು. ಅವನು ಚರ್ಮ ಸುಲಿಯುತ್ತಿದ್ದವರ ಕಡೆಗೆ ನೋಡಿದ. ಕತ್ತಲು ಕವಿಯುವ ಮೊದಲೇ ಅವಳು ಚಾಪೆ ಸುತ್ತಿಕೊಂಡು ಬೆಟ್ಟ ಇಳಿದಳು. ಹಂಚಿಕೆಯಲ್ಲಿ ಒಂದು ಮನೆ ಕಡಿಮೆಯಾದ್ದರಿಂದ ಉಳಿದವರಿಗೆಲ್ಲ ತುಸು ಹೆಚ್ಚೇ ಬಂತು. ಮೈದುನ ಅಳಿಯನ ಪಕ್ಕದಲ್ಲಿ ಕೂತು ಉಂಡ.

ಮುಂದಿನ ಹಬ್ಬಕ್ಕೆ ಮತ್ತೊಂದು ಆಡು ಬಿತ್ತು. ಬೆಟ್ಟದಲ್ಲಿ ಆ ವಿಧವೆ ಇರಲಿಲ್ಲ. ಹಟ್ಟಿಯವರು ಈಗ ಮೈದುನನನ್ನು ಓರೆಗಣ್ಣಿನಿಂದ ನೋಡತೊಡಗಿದರು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಎಲ್ಲರೂ ಸೇರಿಯೇ ಕೊಂದರು, ಅದು ತಿಳಿಯಿತು ಗುರುಗಳೇ. ಆದರೆ ನಾನು ಎಲ್ಲಿಯೂ ಉಪ್ಪು ಚೆಲ್ಲಿದವನಲ್ಲವಲ್ಲ. ಹಾಕಿದ್ದನ್ನು ತಿನ್ನುವ ಭಿಕ್ಷುಕ ನಾನು" ಎಂದ ಶಿಷ್ಯ.

ಗುರುಗಳು ಒಂದೇ ಮಾತು ಕೇಳಿದರು.

"ಊರಿನಲ್ಲಿ ಸೊಪ್ಪು ಬೇಯುವ ಓಣಿಗಳೂ ಇವೆ, ಮಾಂಸ ಬೇಯುವ ಓಣಿಗಳೂ ಇವೆ. ಹಬ್ಬದ ದಿನ ನೀನು ಜೋಳಿಗೆ ಹಿಡಿದು ಯಾವ ಓಣಿಗೆ ಹೋಗುತ್ತೀಯೆ, ಮಗು?"