ಕೈ ತೊಳೆಯದ ನೀಲಿಗಾರ

"ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವವನು ಹಳೆಯ ಕೆಲಸದಲ್ಲಿ ಎಲ್ಲಿಯವರೆಗೆ ನಿಲ್ಲಬೇಕು, ಗುರುಗಳೇ?" ಎಂದು ಬಸಲಿಂಗ ಕೇಳಿದ.

ಮಧ್ಯಾಹ್ನದ ಪ್ರಸಾದ ಆಗಷ್ಟೇ ಮುಗಿದಿತ್ತು. ಬಸಲಿಂಗ ಬಹಳ ಕಾಲ ಮಠದ ಅಡುಗೆಮನೆ ನೋಡಿಕೊಂಡವನು. ತಾನೇ ಕೇಳಿಕೊಂಡು ಈಗ ಓಲೆಗರಿಗಳನ್ನು ನಕಲು ಮಾಡುವ ಕೋಣೆಗೆ ನೇಮಕವಾಗಿದ್ದ. ಹೊಸಬನಿಗೆ ಕೆಲಸ ಹೇಳಿಕೊಟ್ಟು ಹೊರಡಲು ಮಠದ ರೂಢಿಯಂತೆ ಅಮಾವಾಸ್ಯೆಯವರೆಗೆ ಗಡುವು. ಅಮಾವಾಸ್ಯೆ ಕಳೆದು ಹೋಗಿತ್ತು. ಆದರೆ ಅಡುಗೆಗೆ ಬಂದ ಕಲ್ಲಯ್ಯನ ಕೈ ಇನ್ನೂ ಕುದುರಿಲ್ಲ ಎಂದು ಬಸಲಿಂಗ ಹೇಳಿದ. ದಿನವೂ ಒಲೆಯ ಹತ್ತಿರ ಒಮ್ಮೆ ಹೋಗಿ ನೋಡಿ, ಆಮೇಲೆ ಓಲೆಗಳ ಮುಂದೆ ಕೂರುತ್ತಾನೆ. ಕೂತರೆ ಕಣ್ಣು ಎಳೆಯುತ್ತದೆ. ಬರೆದ ಅಕ್ಷರ ಸಾಲು ಬಿಟ್ಟು ಕೆಳಗಿಳಿಯುತ್ತದೆ. ಬರುವುದಾದರೆ ಪೂರ್ತಿ ಬಾ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅಲ್ಲಿನ ಹಿರಿಯರು ಹೇಳಿಬಿಟ್ಟಿದ್ದರು.

ಗುರುಗಳು ಗೋಡೆಗೆ ಒರಗಿ ಈ ಕತೆ ಹೇಳಿದರು.

ಒಬ್ಬ ವರ್ತಕನಿಗೆ ಬಟ್ಟೆಗೆ ಬಣ್ಣ ಹಾಕುವ ಮನೆಯಿತ್ತು. ಅಲ್ಲಿ ಒಬ್ಬ ನೀಲಿಗಾರ. ನೀಲಿ ಎಂದರೆ ಕಾಯಿಸಿ ಇಳಿಸುವ ಬಣ್ಣವಲ್ಲ. ನೆಲದಲ್ಲಿ ಹೂತ ಗುಡಾಣದಲ್ಲಿ ನೀಲಿಯ ಜೊತೆ ಬೆಲ್ಲ, ಬೇಯಿಸಿದ ತಗಚೆ ಬೀಜ, ಸುಣ್ಣ ಸೇರಿ ಹುಳಿಯುತ್ತಿರಬೇಕು. ಹುಳಿ ಮೀರಿದರೆ ಕೊಳೆಯುತ್ತದೆ. ಸುಣ್ಣ ಮೀರಿದರೆ ಮಂಕಾಗುತ್ತದೆ. ಇವೆರಡರ ನಡುವೆ ಅದನ್ನು ದಿನವೂ ನಡೆಸಬೇಕು.

ನೀಲಿಗಾರನಿಗೆ ಬಗ್ಗಿ ಬಗ್ಗಿ ನಡು ಹೋಗಿತ್ತು. ಪಕ್ಕದಲ್ಲಿ ವರ್ತಕನದೇ ಆದ, ಬಟ್ಟೆಗೆ ಅಚ್ಚು ಒತ್ತುವ ಚಾವಡಿಯಲ್ಲಿ ಕೂತು ಮಾಡುವ ಕೆಲಸ. ತನ್ನನ್ನು ಅಲ್ಲಿಗೆ ಹಾಕಬೇಕೆಂದು ಕೇಳಿಕೊಂಡ. ವರ್ತಕ ಒಪ್ಪಿದ.

ಆ ಮನೆಯಲ್ಲಿ ಒಂದು ಪದ್ಧತಿ. ಗುಡಾಣ ಬಿಡುವವನು ಬರುವ ಹುಣ್ಣಿಮೆಯವರೆಗೆ ಹೊಸಬನ ಜೊತೆಗಿರಬೇಕು. ಹುಣ್ಣಿಮೆಯಂದು ಹೊಸಬ ಒಬ್ಬನೇ ಅದ್ದಿದ ಬಟ್ಟೆಯನ್ನು ಅಂಗಳದಲ್ಲಿ ಹರವುವರು. ಬಣ್ಣ ಸರಿಯಾಗಿದ್ದರೆ ಹಳಬ ಎಲ್ಲರೆದುರು ಕೈ ತೊಳೆಯುವನು. ಅಲ್ಲಿಗೆ ಅವನ ಹೊಣೆ ಮುಗಿಯಿತು.

ಹೊಸಬ ಬಂದ. ನೀಲಿಗಾರ ಎಲ್ಲವನ್ನೂ ಹೇಳಿಕೊಟ್ಟ. ಆದರೂ ಹೊಸಬ ಸುಣ್ಣವನ್ನು ಒಮ್ಮೆ ಹೆಚ್ಚು ಹಾಕುತ್ತಿದ್ದ, ಒಮ್ಮೆ ಕಡಿಮೆ. ತಾನು ಬಿಟ್ಟ ಮೇಲೆ ಗುಡಾಣ ಸತ್ತಿತು ಎಂದು ಜನ ಆಡಿಕೊಂಡರೆ ಎಂದು ನೀಲಿಗಾರನಿಗೆ ದಿಗಿಲು. ಸಂಜೆ ಹೊಸಬ ಊಟಕ್ಕೆ ಹೋದಾಗ ಮುಚ್ಚಳ ಸರಿಸಿ, ಬೆರಳದ್ದಿ ನಾಲಿಗೆಗಿಟ್ಟು ನೋಡುವನು. ಬೇಕಾದದ್ದನ್ನು ಹಾಕಿ ಕದಡಿ, ಮುಚ್ಚಿ ಬರುವನು.

ಹುಣ್ಣಿಮೆಯಂದು ಅಂಗಳದಲ್ಲಿ ಹರವಿದ ಬಟ್ಟೆ ಚೆನ್ನಾಗಿಯೇ ಇತ್ತು. ಕೈ ತೊಳೆಯಲು ನೀರು ತಂದಿಟ್ಟರು. ಅದು ಯಾರ ಸುಣ್ಣದ ಬಣ್ಣವೆಂದು ನೀಲಿಗಾರನಿಗೆ ಮಾತ್ರ ಗೊತ್ತು. ಹುಡುಗ ಇನ್ನೂ ಪಳಗಿಲ್ಲ, ಮುಂದಿನ ಹುಣ್ಣಿಮೆಯವರೆಗೆ ನಾನೂ ಒಂದು ಕಣ್ಣಿಟ್ಟಿರುತ್ತೇನೆ ಎಂದ. ವರ್ತಕನಿಗೇನು ನಷ್ಟ? ನಿನ್ನ ಕೈಯಿದ್ದರೇ ಈ ಮನೆಗೆ ನೀಲಿ ಎಂದ. ಆ ಮಾತು ನೀಲಿಗಾರನಿಗೆ ಹಿತವಾಗಿಯೇ ಕೇಳಿಸಿತು. ತಂದಿಟ್ಟ ನೀರನ್ನು ಯಾರೋ ಗಿಡಕ್ಕೆ ಚೆಲ್ಲಿದರು.

ಅಲ್ಲಿಂದ ಅವನಿಗೆ ಎರಡೂ ಕಡೆ ಕೆಲಸ. ಹಗಲೆಲ್ಲ ಚಾವಡಿಯಲ್ಲಿ ತನಗೆ ಕೊಟ್ಟ ಮಣೆಯ ಮುಂದೆ ಕೂತು ಅಚ್ಚು ಒತ್ತುವನು, ಸಂಜೆ ಗುಡಾಣಕ್ಕೆ ಬಗ್ಗುವನು. ನಡು ಮೊದಲಿಗಿಂತ ಹೆಚ್ಚು ನೋಯತೊಡಗಿತು. ಇನ್ನೊಂದು ಹುಣ್ಣಿಮೆ ಬಂತು, ಹೋಯಿತು. ಅವನು ಕೈ ತೊಳೆಯಲಿಲ್ಲ.

ಒಂದು ಸಂಜೆ ಗುಡಾಣಕ್ಕೆ ಸುಣ್ಣ ಹಾಕಿ, ಅಂದೇ ಕೊಡುವುದಾಗಿ ಒಪ್ಪಿಕೊಂಡಿದ್ದ ಸೀರೆಯೊಂದನ್ನು ಮುಗಿಸಲು ಹಾಗೇ ಚಾವಡಿಗೆ ಓಡಿದ. ಒದ್ದೆ ಬೆರಳುಗಳು ಬಿಳಿ ಸೆರಗಿನ ಮೇಲೆ ಸಾಲಾಗಿ ಮೂಡಿದವು. ಚಾವಡಿಯ ಮೇಸ್ತ್ರಿ ಸೆರಗನ್ನು ಬೆಳಕಿಗೆ ಹಿಡಿದು ನೋಡಿ, "ಅಚ್ಚಿಲ್ಲದೆಯೇ ಹೂ ಬಿಡಿಸಿದ್ದೀಯಲ್ಲ ಮಾರಾಯ. ಅರ್ಧ ಮನುಷ್ಯನಿಗೆ ಇಡೀ ಮಣೆ ಕೊಟ್ಟು ಸಾಕಾಯಿತು," ಎಂದ. ಅವನ ಮಣೆಯನ್ನು ಇನ್ನೊಬ್ಬನಿಗೆ ಕೊಟ್ಟ.

ನೀಲಿಗಾರ ನೇರ ಗುಡಾಣದ ಬಳಿಗೆ ಹೋದ. ಇಷ್ಟು ದಿನವಾದರೂ ನೀನು ಕಲಿಯಲಿಲ್ಲ, ನಿನ್ನಿಂದಾಗಿ ನನ್ನ ಮಣೆ ಹೋಯಿತು ಎಂದು ಹೊಸಬನನ್ನು ಬಯ್ದ.

ಹೊಸಬನಿಗೆ ಸಿಟ್ಟು ಬರಲಿಲ್ಲ. ಅವನೂ ಸೋತಿದ್ದ.

"ಹೇಗೆ ಕಲಿಯಲಣ್ಣ? ನಾನು ಹಾಕಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಒಂದು ದಿನವೂ ತಿಳಿಯಲಿಲ್ಲ. ಹೇಗೇ ಹಾಕಲಿ, ಬೆಳಗ್ಗೆ ಬಂದು ನೋಡಿದರೆ ಸರಿಯಾಗಿಯೇ ಇರುತ್ತದೆ," ಎಂದ.

ನೀಲಿಗಾರ ಮುಚ್ಚಳ ಸರಿಸಿ ನೋಡಿದ. ನೊರೆ ಸರಿಯಾಗಿಯೇ ಇತ್ತು. ಅಂದೂ ಸುಣ್ಣ ಹಾಕಿದ್ದವನು ತಾನೇ. ನಡು ಹಿಡಿದುಕೊಂಡು ಗುಡಾಣದ ಪಕ್ಕದಲ್ಲಿ ಕೂತ. ಆಮೇಲೆ ಅಲ್ಲಿಂದ ಎಲ್ಲಿಗೂ ಹೋಗಲಿಲ್ಲ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಬಸಲಿಂಗನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಅವನು ಗುಡಾಣ ಕೆಡುವುದನ್ನು ನೋಡುತ್ತಾ ಸುಮ್ಮನಿರಬೇಕಿತ್ತೇ? ಅಷ್ಟು ಬಟ್ಟೆ ಹಾಳಾಗುತ್ತಿತ್ತಲ್ಲ," ಎಂದ.

ಗುರುಗಳು ಕಣ್ಣು ಮುಚ್ಚಿದ್ದರು. ಹಾಗೆಯೇ ಕೇಳಿದರು:

"ಇವತ್ತಿನ ಸಾರಿಗೆ ಉಪ್ಪು ಹಾಕಿದವರು ಯಾರು?"

"ಕಲ್ಲಯ್ಯ," ಎಂದ ಬಸಲಿಂಗ. ಆಮೇಲೆ, "ಅವನು ಆಚೆ ಹೋದಾಗ ನಾನೂ ಒಂದು ಚಿಟಿಕೆ," ಎಂದು ಸೇರಿಸಿದ.