ನಿಂಗವ್ವನ ಹೂಂ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಹಾಲಯ್ಯಜ್ಜ ಎಂಬ ಗುರುಗಳು ಕಥೆ ಹೇಳುವುದನ್ನು ಕಲಿಸುತ್ತಿದ್ದರು.

ಅಲ್ಲಿಯ ಪದ್ಧತಿಯೇ ಬೇರೆ. ಹೇಳುವವನು ಕಂಬಳಿಯ ಮರೆಯಲ್ಲಿ ಕೂರಬೇಕು. ಅವನ ಮುಖ ಕಾಣಬಾರದು, ಕೈ ಕಾಣಬಾರದು. ಮಾತು, ಏಕತಾರಿ, ಇನ್ನೊಂದಿಷ್ಟು ಸದ್ದು. ಇಷ್ಟರಲ್ಲೇ ಕೇಳುವವರ ಕಿವಿಯೊಳಗೆ ಊರು ಕಟ್ಟಬೇಕು, ಕಾಡು ಬೆಳೆಸಬೇಕು. ಕಥೆ ನಡೆದಿರುವಾಗ ಕಂಬಳಿ ಸರಿಸಿ ಇಣುಕುವಂತಿರಲಿಲ್ಲ.

ಕೇಳುವವರಿಗೂ ಒಂದು ಕೆಲಸವಿತ್ತು. ಆಗಾಗ ‘ಹೂಂ’ ಅನ್ನಬೇಕು. ಹೂಂ ಬಂದರೆ ಕಥೆ ಮುಂದಕ್ಕೆ. ಹೂಂ ನಿಂತರೆ ಕಥೆ ಸತ್ತಿತು ಎಂದು ಶಿಷ್ಯರು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಹೆದರಿದವನು ಮುದುಕಪ್ಪ. ತಾತನ ಹೆಸರು ಹೊತ್ತದ್ದಕ್ಕೆ ಮುದುಕಪ್ಪ, ಅಷ್ಟೇ. ಮೀಸೆ ಈಗ ಚಿಗುರುತ್ತಿತ್ತು. ಒಮ್ಮೆ ಅವನು ಕಥೆ ಹೇಳುತ್ತಿದ್ದಾಗ ಹೂಂ ನಿಂತುಹೋಯಿತು. ಕೊನೆಗೆ ಕಂಬಳಿ ಸರಿಸಿ ನೋಡಿದರೆ ಅಂಗಳದಲ್ಲಿ ನರಪಿಳ್ಳೆಯೂ ಇರಲಿಲ್ಲ.

ಅಂದಿನಿಂದ ಅವನು ಸದ್ದು ಕೂಡಿಡತೊಡಗಿದ. ಕುದುರೆಗೆ ತೆಂಗಿನ ಕರಟ. ಮಳೆಗೆ ಮೊರದಲ್ಲಿ ಜೋಳದ ಕಾಳು. ಗುಡುಗಿಗೆ ಒಂದು ದೊಡ್ಡ ತಗಡು. ಹೂಂ ಚೂರು ಸಣ್ಣಗಾದರೆ ಸಾಕು, ಕಥೆಯೊಳಗೆ ಬೇಸಿಗೆಯಿದ್ದರೂ ಗುಡುಗು ಬಂದೇ ಬರುತ್ತಿತ್ತು.

ಹೀಗಿರುವಾಗ ನಿಂಗವ್ವ ಹಾಸಿಗೆ ಹಿಡಿದಳು. ಆಶ್ರಮದ ಅಡಿಗೆ ಅವಳದು. ತಾಯಿಯಿಲ್ಲದ ಮುದುಕಪ್ಪನಿಗೆ ರೊಟ್ಟಿ ಬಡಿದು ಹಾಕಿ ದೊಡ್ಡವನನ್ನಾಗಿ ಮಾಡಿದವಳೂ ಅವಳೇ. ಜ್ವರವೇನೋ ಬಿಟ್ಟಿತು, ಆದರೆ ನಿದ್ದೆ ಮರಳಿ ಬರಲಿಲ್ಲ. ಹಗಲೂ ಇರುಳೂ ಕಣ್ಣು ಬಿಟ್ಟುಕೊಂಡು ಮೇಲಿನ ತೊಲೆ ನೋಡುತ್ತ ಮಲಗಿರುತ್ತಿದ್ದಳು.

ವೈದ್ಯರು ನಾಡಿ ಹಿಡಿದು ನೋಡಿ ಹೊರಗೆ ಬಂದರು.

“ನನ್ನ ಔಷಧ ಮುಗೀತ್ರಿ ಅಜ್ಜಾರ. ಇನ್ನ ನಿದ್ದೀನ ಔಷಧ. ಅದು ಬರಲಿಲ್ಲಂದ್ರ ಈ ಜೀವ ಭಾಳ ದಿನ ತಡಿಯೂದಿಲ್ಲ.”

ಹಾಲಯ್ಯಜ್ಜ ಒಳಗೆ ಹೋದರು. “ಒಂದು ಕಥೀ ಹೇಳ್ಲೇನು, ನಿಂಗವ್ವ?”

“ನೀವು ಬ್ಯಾಡ್ರಿ ಅಜ್ಜಾರ. ನೀವು ಹೇಳೂಮುಂದ ನಾ ಹೆಂಗ ಮಲಗಿರ್ಲಿ? ಎದ್ದು ಕುಂದರಬೇಕಾಕ್ಕೈತಿ. ನಮ್ಮ ಮುದುಕಪ್ಪ ಹೇಳ್ಲಿ.”

ಬಾಗಿಲಲ್ಲಿ ನಿಂತಿದ್ದ ಮುದುಕಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ಹೋಗು,” ಎಂದರು ಗುರುಗಳು. “ಆಕಿಗೆ ನಿದ್ದಿ ಹತ್ತೂಮಟ ಹೇಳು.”

ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಮುದುಕಪ್ಪ ಕಂಬಳಿ ಕಟ್ಟಿ ಅದರ ಹಿಂದೆ ಕುಳಿತ. ಮಳೆಯಲ್ಲಿ ನೆನೆಯುತ್ತ ತನ್ನೂರಿಗೆ ಮರಳುತ್ತಿರುವ ಒಬ್ಬ ಸವಾರನ ಕಥೆ ಎತ್ತಿಕೊಂಡ. ಕರಟ ಟಕಟಕ ಎಂದವು. ಮೊರದಲ್ಲಿ ಮಳೆ ಬಂತು.

“ಹೂಂ,” ಎಂದಳು ನಿಂಗವ್ವ.

ಸವಾರ ಕಾಡು ಹೊಕ್ಕ. “ಹೂಂ.” ಹಳ್ಳ ದಾಟಿದ. “ಹೂಂ.” ಗುಡ್ಡ ಏರುವ ಹೊತ್ತಿಗೆ ಹೂಂ ತಡವಾಯಿತು. ಇಳಿಯುವಾಗ ಇನ್ನೂ ತಡವಾಯಿತು.

ಮುದುಕಪ್ಪನ ಕಣ್ಣ ಮುಂದೆ ಆ ಖಾಲಿ ಅಂಗಳ ಬಂದು ನಿಂತಿತು. ಕೈ ತಾನಾಗಿ ತಗಡಿಗೆ ಹೋಯಿತು.

ಢಡ್ ಢಡ್ ಢಡಾರ್.

“ಹೂಂ ಹೂಂ,” ಎಂದಳು ನಿಂಗವ್ವ.

ಹೋದ ಜೀವ ಬಂದಂತಾಯಿತು ಅವನಿಗೆ. ಆಮೇಲೆ ಹೂಂ ಸಣ್ಣಗಾದಾಗಲೆಲ್ಲ ಅವನು ಗುಡುಗಿಸಿದ. ಒಮ್ಮೆ ಹುಲಿಯನ್ನೂ ತಂದ. ದೀಪ ಹಚ್ಚುವ ವೇಳೆಗೆ ಮೈಯೆಲ್ಲ ಬೆವೆತು, ಗಂಟಲು ಒಣಗಿ, ಹೊರಗೆ ಓಡಿಬಂದ.

“ಅಜ್ಜಾರ, ಒಂದು ಸಲಾನೂ ಹೂಂ ನಿಲ್ಲಾಕ ಬಿಡಲಿಲ್ಲ ನಾ.”

“ಶಾಣ್ಯಾ ಅದೀ,” ಎಂದರು ಗುರುಗಳು. “ನಿಂಗವ್ವ ಮಲಗಿದ್ಲೇನು?”

ತಾನು ಹೋದದ್ದು ಯಾತಕ್ಕೆ ಎಂಬುದೇ ಮುದುಕಪ್ಪನಿಗೆ ಮರೆತುಹೋಗಿತ್ತು.

ಒಳಗಿನಿಂದ ನಿಂಗವ್ವನ ಸಣ್ಣ ದನಿ ಬಂತು. “ಬೈಬ್ಯಾಡ್ರಿ ಅಜ್ಜಾರ ಹುಡುಗಗ. ಕಥೀ ಚಲೋ ಇತ್ತು. ಕಣ್ಣು ಮುಚ್ಚಿದ ಕೂಡ್ಲೆ ಸಿಡ್ಲು ಬೀಳ್ತಿತ್ತು, ಅಷ್ಟ.”

ಮರುದಿನ ವೈದ್ಯರು ಬಂದು ನಾಡಿ ನೋಡಿದರು. ತಲೆಯಾಡಿಸಿ ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

ಮುದುಕಪ್ಪ ಗುರುಗಳ ಕಾಲು ಹಿಡಿದ. “ನಂಗ ಆಗೂದಿಲ್ರಿ. ನಾ ಆಕೀನ ಕೊಂದಬಿಡ್ತೀನಿ. ನೀವ ಹೇಳ್ರಿ.”

“ಮೊರಾ ತಾ,” ಎಂದರು ಹಾಲಯ್ಯಜ್ಜ.

ತಂದ.

“ಮಳೀ ಮಾಡು.”

ಮುದುಕಪ್ಪ ಕಾಳು ಅಲ್ಲಾಡಿಸಿದ. ಧೋ ಎಂದು ಮಳೆ ಬಂತು. ಗುರುಗಳು ಮೊರಕ್ಕೆ ಕೈಯಿಟ್ಟು ಒಂದು ಹಿಡಿ ಕಾಳು ತೆಗೆದರು.

“ಮಾಡು.”

ಮಳೆ ಸಣ್ಣಗಾಯಿತು. ಇನ್ನೊಂದು ಹಿಡಿ ತೆಗೆದರು. ಹಾಗೆ ತೆಗೆಯುತ್ತ ತೆಗೆಯುತ್ತ ಮೊರದಲ್ಲಿ ಒಂದೇ ಕಾಳು ಉಳಿಯಿತು. ಒಳಗೊಬ್ಬಳು ಸಾಯುತ್ತಿರುವಾಗ ಇದೇನು ಆಟ ಎಂದು ಮುದುಕಪ್ಪನಿಗೆ ಸಿಟ್ಟೂ ಬಂತು, ಅಳುವೂ ಬಂತು. ಆದರೂ ಮೊರ ವಾಲಿಸಿದ. ಕಾಳು ಉರುಳಿ ಅಂಚಿಗೆ ಬಡಿಯಿತು. ಸ್ವಲ್ಪ ತಡೆದು ಮತ್ತೆ ಬಡಿಯಿತು.

“ಈಗ ಏನ ಕೇಳ್ತೈತಿ?”

“ಮಳಿ ನಿಂತೈತ್ರಿ. ಸೂರಿನಿಂದ ಹನಿ ಬೀಳಾಕತ್ತೈತಿ.”

“ನೀ ಉರುಳಿಸಿದ್ದು ಒಂದು ಕಾಳು. ಸೂರು ಯಾರು ಕಟ್ಟಿದ್ರು?”

ಮುದುಕಪ್ಪ ಆ ಕಾಳನ್ನು ಇನ್ನೊಮ್ಮೆ ಉರುಳಿಸಿ ಕೇಳಿದ. ಆಮೇಲೆ ಎದ್ದು ಹೋಗಿ ಕಂಬಳಿ ಕಟ್ಟಿದ.

ಅಂದು ಗುರುಗಳೂ ಏಕತಾರಿ ಹಿಡಿದು ಅವನ ಪಕ್ಕದಲ್ಲಿ ಕುಳಿತರು. ಮತ್ತೆ ಅದೇ ಸವಾರ, ಅದೇ ಮಳೆ. ಕರಟ ಒಂದಿಷ್ಟು ದೂರ ಓಡಿ, ಆಮೇಲೆ ನಡೆದವು. ಏಕತಾರಿ ಸವಾರನ ಜೊತೆಗೆ ನಡೆಯಿತು.

“ಹೂಂ.”

“ಗುಡ್ಡಾ ಇಳಿದ್ರ ಅವನ ಊರು, ಯವ್ವಾ. ಊರು ಕಾಣೂದಿಲ್ಲ. ಹೊಗಿ ವಾಸನಿ ಬರ್ತೈತಿ. ಯಾರೋ ರೊಟ್ಟಿ ಬಡ್ಯಾಕತ್ತಾರ.”

ಬಹಳ ತಡವಾಗಿ ಬಂತು ಹೂಂ.

ಮುದುಕಪ್ಪನ ಕೈ ತಗಡಿನ ಕಡೆಗೆ ಎದ್ದಿತು. ಗುರುಗಳು ನೋಡಿದರು, ತಡೆಯಲಿಲ್ಲ. ಅವನೇ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತ. ಇನ್ನೊಂದು ಕೈಯಿಂದ ಮೊರ ವಾಲಿಸಿದ.

“ಮಳಿ ನಿಂತೈತಿ. ಕುದುರಿ ತಾನ ನಿಂತೈತಿ. ಅವನ ಮನೀ ಬಂದೈತಿ, ಯವ್ವಾ.”

“ಹೂ...”

ಅಷ್ಟೇ. ಏಕತಾರಿ ನಿಂತಿತು. ಕಾಳು ನಿಂತಿತು. ಮುಂದಿನ ಹೂಂ ಬರಲಿಲ್ಲ.

ಹೂಂ ನಿಂತರೆ ಕಥೆ ಸತ್ತಿತು. ಈಗ ಸತ್ತದ್ದು ಕಥೆಯೋ, ನಿಂಗವ್ವನೋ? ಇಷ್ಟು ಭಯ ಮುದುಕಪ್ಪನಿಗೆ ಹುಟ್ಟಿದಂದಿನಿಂದ ಆಗಿರಲಿಲ್ಲ. ಒಂದು ಸಲ ಗುಡುಗಿಸಿದರೆ ತಿಳಿಯುತ್ತಿತ್ತು. ಕಂಬಳಿ ಸರಿಸಿದರೆ ತಿಳಿಯುತ್ತಿತ್ತು. ಎರಡನ್ನೂ ಮಾಡದೆ ಅವನು ಗುರುಗಳ ಕಿವಿಯ ಹತ್ತಿರ ಬಾಗಿದ.

“ಅಜ್ಜಾರ, ಹೂಂ ನಿಂತತಿ.”

ಗುರುಗಳು ತುಟಿಯ ಮೇಲೆ ಬೆರಳಿಟ್ಟರು.

ಆಗ ಮುದುಕಪ್ಪನಿಗೆ ಕೇಳಿಸಿತು. ಅವನು ಮಾಡದ ಒಂದು ಸದ್ದು ಕಂಬಳಿಯ ಆಚೆಯಿಂದ ಬರುತ್ತಿತ್ತು. ಒಂದು ಉದ್ದನೆಯ ಉಸಿರು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಉಸಿರು, ಮೊದಲಿನದಕ್ಕಿಂತ ಆಳವಾಗಿ.

ಅವನ ಕಣ್ಣು ತುಂಬಿ ಬಂದವು. ಆದರೆ ಹಳೆಯ ಹೆದರಿಕೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

“ಕಥೀ ಅರ್ಧಕ್ಕ ನಿಂತತಲ್ರಿ,” ಎಂದು ಪಿಸುಗುಟ್ಟಿದ. “ಮುಂದ ಹೇಳ್ಲೇನು?”

ಹಾಲಯ್ಯಜ್ಜ ಏಕತಾರಿಯನ್ನು ಸದ್ದಾಗದಂತೆ ನೆಲಕ್ಕಿಟ್ಟರು.

“ಈಗ ಆಕಿ ಹೇಳಾಕತ್ತಾಳ. ನೀ ಹೂಂ ಅನ್ನು.”