ಸಾಣೆ ಮೋನಪ್ಪನ ನೆನಪಿನ ಹರಳು

ಬಲು ಹಿಂದಿನ ಮಾತು, ಕೇಳ್ರಪ್ಪಾ. ಹೊಳೆದಂಡೆಯ ಮೇಲೆ ಒಂದೂರು. ಆ ಊರಲ್ಲಿ ಮೋನಪ್ಪನೆಂಬ ಸಾಣೆಗಾರನಿದ್ದನಂತೆ. ಎಂಥ ಒರಟು ಕಲ್ಲನ್ನೂ ಉಜ್ಜಿ ಉಜ್ಜಿ ನೀರಿನಂತೆ ತಿಳಿ ಮಾಡುತ್ತಿದ್ದನಂತೆ. ರಾಜರ ಕಿರೀಟಕ್ಕೂ ಅವನ ಹರಳೇ ಬೇಕಿತ್ತು ಅಂತಾರೆ. ಎಷ್ಟು ನಿಜವೋ, ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು! ಆದರೆ ಅವನ ಹೆಸರು ಉಳಿದದ್ದು ಕಿರೀಟದಿಂದಲ್ಲ. ಅವನ ಹತ್ತಿರ ಜೇನುಬಣ್ಣದ ಒಂದು ಹರಳಿತ್ತು. ಆ ಹರಳು ಬೆಳಕನ್ನು ನೆನಪಿಟ್ಟುಕೊಳ್ಳುತ್ತಿತ್ತಂತೆ.

ಹೇಗೆ ಅಂತೀರಾ? ಬಾಗಿಲು ಕಿಟಕಿ ಮುಚ್ಚಿ ಒಂದೇ ದೀಪ ಹಚ್ಚುತ್ತಿದ್ದ. ಕನ್ನಡಿ ಹಿಡಿದು ಅದರ ಬೆಳಕನ್ನು ಎರಡು ಪಾಲು ಮಾಡುತ್ತಿದ್ದ. ಒಂದು ಪಾಲು ನೆಟ್ಟಗೆ ಹರಳಿಗೆ. ಇನ್ನೊಂದು, ಎದುರು ಕೂತವರ ಮುಖಕ್ಕೆ ತಾಗಿ ಅಲ್ಲಿಂದ ಹರಳಿಗೆ. ಎರಡೂ ಹರಳಿನೊಳಗೆ ಕೂಡುವ ತನಕ ಉಸಿರು ಬಿಗಿಹಿಡಿದು ಕೂರಬೇಕು, ಒಂದಿಷ್ಟೂ ಅಲುಗುವಂತಿಲ್ಲ. ಆಮೇಲೆ ಕೂತವರು ಎದ್ದು ಹೋದರೂ ಸರಿಯೇ. ಮೊದಲಿನ ಪಾಲನ್ನಷ್ಟೇ ಹರಳಿಗೆ ಬಿಟ್ಟರೆ, ಅವರೇ ಬಂದು ಕೂತಂತೆ ಹರಳಿನಾಚೆ ಮುಖ ಮೂಡುತ್ತಿತ್ತಂತೆ. ಆದರೆ ನೋಡಿದಷ್ಟೂ ಆ ಮುಖ ಸವೆಯುತ್ತಿತ್ತು. ತೋರಿಸುವ ಬೆಳಕೇ ಅದನ್ನು ಅಳಿಸುತ್ತಿತ್ತು.

ಮೋನಪ್ಪನಿಗೂ ಅವನ ಹೆಂಡತಿ ಸೂಗವ್ವನಿಗೂ ಒಬ್ಬಳೇ ಮಗಳು, ಕಾಳವ್ವ. ಅವಳನ್ನು ಹರಳಿನ ಮುಂದೆ ಕೂರಿಸುವುದರಲ್ಲಿ ಅಪ್ಪನಿಗೆ ಸಾಕುಸಾಕಾಗುತ್ತಿತ್ತಂತೆ, ಸುಮ್ಮಸುಮ್ಮನೆ ಕಿಸಕ್ಕನೆ ನಗುವ ಹುಡುಗಿ. ಒಂದು ದಿನ ಹೇಗೋ ಕೂತಳು, ಹರಳು ಮುಖ ಹಿಡಿಯಿತು. ಅದೇ ವರ್ಷ ಊರಿಗೆ ಜ್ವರ ಬಂತು. ಕಾಳವ್ವ ಹೋದಳು. ಏನು ಹೇಳಲಿ, ಆಮೇಲೆ ಆ ಮನೆ ಮನೆಯಾಗಿ ಉಳಿಯಲಿಲ್ಲ.

ಮೋನಪ್ಪ ಹರಳನ್ನು ಕರಿಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟ. ವರ್ಷಕ್ಕೊಮ್ಮೆ, ಮಗಳು ಹೋದ ದಿನ, ಸಣ್ಣ ಬತ್ತಿಯ ಬೆಳಕಲ್ಲಿ ಒಂದು ಗಳಿಗೆ ನೋಡಿ ಮುಚ್ಚಿಬಿಡುವುದು. ನಾವಿಬ್ಬರೂ ಇರುವ ತನಕ ಅವಳೂ ಉಳಿಯಬೇಕಲ್ಲ ಅಂದನಂತೆ. ಸೂಗವ್ವ ತಲೆಯಾಡಿಸಿದಳಂತೆ.

ಆದರೆ ಹೆತ್ತವಳಿಗೆ ಒಂದು ವರ್ಷವೆಂದರೆ ಎಷ್ಟು ಉದ್ದ! ಒಂದು ದಿನ ರೊಟ್ಟಿ ಬಡಿಯುತ್ತಿದ್ದಾಗ, ಮಗಳ ಕೆನ್ನೆಯ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ ಅವಳಿಗೆ ನೆನಪಾಗಲಿಲ್ಲ. ಹಿಟ್ಟಿನ ಕೈ ಹಾಗೇ ನಿಂತಿತು. ನಾನೇ ಮರೆತರೆ ಇನ್ಯಾರು ನೆನೆಸಿಯಾರು ಎಂದು ಹೆದರಿದಳು. ಗಂಡ ಸಾಣೆಗೆ ಮರಳು ತರಲು ಹೊಳೆಗೆ ಹೋಗಿದ್ದ. ಬತ್ತಿಯ ಬೆಳಕಲ್ಲಿ ಮಚ್ಚೆ ಸರಿಯಾಗಿ ಕಾಣದು, ಬಿಸಿಲಲ್ಲಾದರೆ ಚೆನ್ನಾಗಿ ಕಂಡೀತು ಎಂದುಕೊಂಡು ಹರಳನ್ನು ಅಂಗಳಕ್ಕೆ ತಂದು ಬಟ್ಟೆ ಬಿಚ್ಚಿದಳಂತೆ. ಸುಡುವ ಬಿಸಿಲು. ತಿರುಗಿಸಿ ನೋಡಿದಳು, ಹೊರಳಿಸಿ ನೋಡಿದಳು. ಮುಖವೇ ಇಲ್ಲ, ಬರೀ ಜೇನುಬಣ್ಣ. ಬಿಸಿಲು ಎಲ್ಲ ಅಳಿಸಿಬಿಟ್ಟಿತ್ತು. ತಾನು ಏನು ಮಾಡಿಕೊಂಡೆ ಎಂದು ತಿಳಿದಾಗ ಅಳು ಕೂಡ ಬರಲಿಲ್ಲವಂತೆ. ಮತ್ತೆ ಬಟ್ಟೆ ಸುತ್ತಿ ಗೂಡಿಗಿಟ್ಟಳು. ಗಂಡನಿಗೆ ಹೇಳಲು ಬಾಯಿ ಬರಲಿಲ್ಲ.

ಮಗಳು ಹೋದ ದಿನ ಮತ್ತೆ ಬಂತು. ಮೋನಪ್ಪ ಬಾಗಿಲು ಮುಚ್ಚಿ ಬತ್ತಿ ಹಚ್ಚಿದ. ಬೆಳಕು ಹರಳನ್ನು ಹಾಯ್ದು ಗೋಡೆಗೆ ಬಿತ್ತು, ಅಷ್ಟೇ. ಸೂಗವ್ವ ತಲೆ ಎತ್ತಲಿಲ್ಲ. ಅವನು ಒಮ್ಮೆ ಹರಳನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ.

"ಬಂದಾಳ ನೋಡ, ಸೂಗೀ," ಅಂದ ಆಮೇಲೆ. "ನಗಾಕತ್ತಾಳ."

ಅವನಿಗೆ ಎಲ್ಲ ತಿಳಿದಿದೆ ಎಂದು ಅವಳಿಗೆ ಗೊತ್ತಾಯಿತು. ಆಗ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು: "ಮಚ್ಚಿ ಯಾವ ಕಡೆ ಐತ್ರಿ?"

ಮೋನಪ್ಪನಿಗೂ ನೆನಪಿರಲಿಲ್ಲ.

"ನಿನಗ ಯಾವ ಕಡೆ ಕಾಣತೈತೋ, ಆ ಕಡೇನ ಐತಿ," ಅಂದನಂತೆ.

ಈಗಲೂ ಆ ಊರಲ್ಲಿ ಸತ್ತವರ ದಿನ ಬಂದರೆ ಬಾಗಿಲು ಮುಚ್ಚಿ ಒಂದೇ ಬತ್ತಿ ಹಚ್ಚುತ್ತಾರೆ. ಅದರ ಮುಂದೆ ಹೊಳೆಯಿಂದ ತಂದ ನುಣುಪಾದ ಕಲ್ಲೊಂದನ್ನು ಇಡುತ್ತಾರೆ. ಸುತ್ತ ಕೂತವರು, ಹೋದವರ ಮುಖ ಹೇಗಿತ್ತೆಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ಒಬ್ಬರು ಮಚ್ಚೆ ಎಡಕ್ಕಿತ್ತು ಅಂತಾರೆ, ಇನ್ನೊಬ್ಬರು ಬಲಕ್ಕಿತ್ತು ಅಂತಾರೆ. ಬತ್ತಿ ಆರುವ ತನಕ ಯಾರೂ ಯಾರನ್ನೂ ತಿದ್ದುವುದಿಲ್ಲ.